ಸೇವಾ ದಾಖಲೆಯ ಒಂದು ತಪ್ಪು ಸಾಲಿಗೆ ಬೆಲೆ ಎಷ್ಟು?

ಈ ಸಲ ಇಂಡೆಕ್ಸ್ ಫಂಡ್ ಇಲ್ಲ, ಆರ್‌ಎಸ್‌ಯು ತೆರಿಗೆ ಇಲ್ಲ, ಬಡ್ಡಿ ದರದ ಮಾತೂ ಇಲ್ಲ. ಒಂದು ಕಾಗದದ ಬಗ್ಗೆ ಬರೆಯುತ್ತಿದ್ದೇನೆ. ಅಮೆರಿಕದ ಸೇನೆಯಲ್ಲಿ ಕೆಲಸ ಮಾಡಿ ಹೊರಬಂದವರಿಗೆ ಕೊಡುವ ಆ ಕಾಗದದ ಹೆಸರು ಡಿಡಿ-214. ನಮ್ಮವರಿಗೂ ಸೇನೆಗೂ ಏನು ಸಂಬಂಧ ಅಂತ ಕೇಳಬೇಡಿ. 2009ರಿಂದ 2016ರವರೆಗೆ ನಡೆದ ಮಾವ್ನಿ ಯೋಜನೆಯಲ್ಲಿ ಗ್ರೀನ್ ಕಾರ್ಡ್ ಇಲ್ಲದವರೂ ಭಾಷೆ ಅಥವಾ ವೈದ್ಯಕೀಯ ಕೌಶಲದ ಆಧಾರದ ಮೇಲೆ ಸೇನೆ ಸೇರಿ ನೇರವಾಗಿ ಪೌರತ್ವ ಪಡೆಯಬಹುದಿತ್ತು. ಎಚ್-1ಬಿ ಸಾಲಿನಲ್ಲಿ ನಿಂತು ಬೇಸತ್ತ ಭಾರತೀಯರು ಹಿಂದಿ ಬರುತ್ತದೆ ಅಂತ ತೋರಿಸಿಯೂ ಸೇರಿದರು. ಗ್ರೀನ್ ಕಾರ್ಡ್ ಸಿಕ್ಕ ಮೇಲೆ ರಿಸರ್ವ್ ಸೇರಿದವರಿದ್ದಾರೆ. ಇಲ್ಲೇ ಹುಟ್ಟಿ ಬೆಳೆದು ನೇವಿಗೋ ಏರ್‌ಫೋರ್ಸ್‌ಗೋ ಹೋದ ನಮ್ಮ ಮಕ್ಕಳಿದ್ದಾರೆ. ಊರಿನಲ್ಲಿ ಭಾರತೀಯ ಸೇನೆಯಿಂದ ನಿವೃತ್ತರಾದ ಅಪ್ಪ, ಮಾವ, ದೊಡ್ಡಪ್ಪ ಇರುವ ಮನೆಗಳಂತೂ ಬೇಕಾದಷ್ಟು. ಅವರ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಫ್ರೀಮಾಂಟ್‌ನಲ್ಲಿರುವ ನನ್ನ ಪರಿಚಯದ ಕನ್ನಡಿಗರೊಬ್ಬರು ಆರ್ಮಿ ರಿಸರ್ವ್‌ನಲ್ಲಿದ್ದು ಹೊರಬಂದರು. ಈಗ ಎಂಬಿಎ ಓದುವ ಯೋಚನೆ. ಬೇರೆ ಬೇರೆ ಅವಧಿಗೆ ಅವರನ್ನು ಸಕ್ರಿಯ ಸೇವೆಗೆ ಕರೆದಿದ್ದರು, ಒಟ್ಟು 40 ತಿಂಗಳು. ಆದರೆ ಅದರಲ್ಲಿ 7 ತಿಂಗಳ ಒಂದು ಅವಧಿಗೆ ಡಿಡಿ-214 ಕೊಟ್ಟೇ ಇಲ್ಲ. ಕಾಗದದ ಪ್ರಕಾರ ಅವರ ಸೇವೆ 33 ತಿಂಗಳು. ಅವರು ನನ್ನನ್ನು ಕೇಳಿದ್ದು ಇಷ್ಟೇ: "ಏಳು ತಿಂಗಳಿಗೋಸ್ಕರ ಯಾಕೆ ತಲೆ ಕೆಡಿಸಿಕೊಳ್ಳಲಿ? ಹತ್ತು ಪರ್ಸೆಂಟ್ ತಾನೇ ಹೋಗೋದು?"

ಹತ್ತು ಪರ್ಸೆಂಟ್ ಅಲ್ಲ. ಲೆಕ್ಕ ನೋಡಿ.

2001ರ ಸೆಪ್ಟೆಂಬರ್ 11ರ ನಂತರ ಸೇವೆ ಮಾಡಿದವರಿಗೆ ಸಿಗುವ ಜಿಐ ಬಿಲ್ ಸೌಲಭ್ಯ ಮೆಟ್ಟಿಲು ಮೆಟ್ಟಿಲಾಗಿದೆ. 36 ತಿಂಗಳ ಸಕ್ರಿಯ ಸೇವೆ ಇದ್ದರೆ ಶೇ 100. 30ರಿಂದ 36 ತಿಂಗಳೊಳಗೆ ಇದ್ದರೆ ಶೇ 90. ಹಾಗೆಯೇ ಕೆಳಗೆ ಇಳಿಯುತ್ತದೆ. ಖಾಸಗಿ ವಿಶ್ವವಿದ್ಯಾಲಯಕ್ಕೆ ಸರ್ಕಾರ ಕೊಡುವ ಶುಲ್ಕಕ್ಕೆ ವಾರ್ಷಿಕ ಮಿತಿ ಇದೆ. 2024-25ರಲ್ಲಿ ಅದು ಸುಮಾರು 28,937 ಡಾಲರ್. ಅದರ ಮೇಲಿನ ಶುಲ್ಕವನ್ನು ಯೆಲ್ಲೋ ರಿಬ್ಬನ್ ಅನ್ನೋ ಒಪ್ಪಂದದಡಿ ಕಾಲೇಜು ಮತ್ತು ವೆಟರನ್ಸ್ ಇಲಾಖೆ ಹಂಚಿಕೊಳ್ಳಬಹುದು. ಆದರೆ ಸೇವಾವಧಿಯ ಲೆಕ್ಕದ ಮೇಲೆ ಸೌಲಭ್ಯ ಪಡೆಯುವವರಿಗೆ ಯೆಲ್ಲೋ ರಿಬ್ಬನ್ ಸಿಗೋದು ಶೇ 100 ಮೆಟ್ಟಿಲಲ್ಲಿ ಇದ್ದರೆ ಮಾತ್ರ.

ಉದಾಹರಣೆಗೆ ವರ್ಷಕ್ಕೆ 80,000 ಡಾಲರ್ ಶುಲ್ಕದ ಎರಡು ವರ್ಷದ ಎಂಬಿಎ ಅಂದುಕೊಳ್ಳಿ. ಬೇ ಏರಿಯಾದಲ್ಲಿ ಇದು ಉತ್ಪ್ರೇಕ್ಷೆಯೇನಲ್ಲ. ಶೇ 100 ಇದ್ದು, ಕಾಲೇಜು ಯೆಲ್ಲೋ ರಿಬ್ಬನ್‌ನಲ್ಲಿ ಮಿತಿಯಿಲ್ಲದೆ ಭಾಗವಹಿಸಿದರೆ ನಮ್ಮ ಕೈಯಿಂದ ಹೋಗುವ ಶುಲ್ಕ ಸೊನ್ನೆ. ಶೇ 90 ಇದ್ದರೆ ಸರ್ಕಾರದಿಂದ 26,043 ಡಾಲರ್, ಉಳಿದ 53,957 ನಮ್ಮ ಜೇಬಿನಿಂದ. ಎರಡು ವರ್ಷಕ್ಕೆ 1 ಲಕ್ಷ 7 ಸಾವಿರ ಚಿಲ್ಲರೆ ಡಾಲರ್. ಮನೆ ಬಾಡಿಗೆ ಭತ್ಯೆಯೂ ಅದೇ ಶೇಕಡಾವಾರು ಇಳಿಯುತ್ತದೆ, ಅದನ್ನು ಸೇರಿಸಿಲ್ಲ. ಇದನ್ನು ನಮ್ಮ ವೃತ್ತಿಯಲ್ಲಿ ಕ್ಲಿಫ್ ಅಂತೀವಿ. ಇಳಿಜಾರು ಅಂದುಕೊಂಡು ನಡೆಯುತ್ತಿರುತ್ತೇವೆ, ಅಲ್ಲಿರೋದು ಪ್ರಪಾತ. ದಾಖಲೆಯಲ್ಲಿ 36ರ ಬದಲು 35 ತಿಂಗಳು ಅಂತಿದ್ದರೂ ಇದೇ ಪರಿಣಾಮ.

ಅವರ ಕಾಫಿ ಆರಿಹೋಯಿತು ಅನ್ನೋದು ಬೇರೆ ಮಾತು.

ಈಗ ಆ ಕಾಗದದ ಒಳಗೆ ಏನಿದೆ ನೋಡೋಣ. ಹೆಚ್ಚಿನವರು ಡಿಡಿ-214 ಅನ್ನು ಪಾಸ್‌ಪೋರ್ಟ್ ಜೊತೆ ಫೈಲಿನಲ್ಲಿಟ್ಟು ಮರೆಯುತ್ತಾರೆ. ಹಣದ ದೃಷ್ಟಿಯಿಂದ ನಾಲ್ಕೈದು ಚೌಕಗಳು ಮುಖ್ಯ. 12ನೇ ಚೌಕದಲ್ಲಿ ಸೇವೆಯ ದಿನಾಂಕಗಳು, ಮೇಲೆ ಹೇಳಿದ ಕಥೆಯೆಲ್ಲ ಅಲ್ಲಿಯದು. 24ನೇ ಚೌಕದಲ್ಲಿ ಸೇವೆಯ ಸ್ವರೂಪ: ಗೌರವಯುತ, ಸಾಮಾನ್ಯ, ಗೌರವಯುತವಲ್ಲದ್ದು ಇತ್ಯಾದಿ. 26 ಮತ್ತು 27ರಲ್ಲಿ ಸಂಕೇತಗಳು, ಮತ್ತೆ ಸೇನೆಗೆ ಸೇರಬಹುದೇ ಇಲ್ಲವೇ ಅನ್ನೋದು ಇಲ್ಲಿ ಗೊತ್ತಾಗುತ್ತದೆ. 28ರಲ್ಲಿ ಬಿಡುಗಡೆಗೆ ಕಾರಣ, ಒಂದೆರಡು ಪದದಲ್ಲಿ. ಆ ಒಂದೆರಡು ಪದವನ್ನು ಮುಂದೆ ಉದ್ಯೋಗ ಕೊಡುವವರೂ ಓದುತ್ತಾರೆ.

24ನೇ ಚೌಕದ ಬೆಲೆ ವಿಚಿತ್ರವಾಗಿದೆ. ಗೃಹಸಾಲ, ಅಂಗವೈಕಲ್ಯ ಪರಿಹಾರ ಮುಂತಾದ ಹೆಚ್ಚಿನ ಸೌಲಭ್ಯಗಳಿಗೆ 'ಸಾಮಾನ್ಯ' ಬಿಡುಗಡೆ ಸಾಕು. ಜಿಐ ಬಿಲ್‌ಗೆ ಮಾತ್ರ 'ಗೌರವಯುತ' ಅಂತಲೇ ಇರಬೇಕು. ಅಂದರೆ ಕೆಟ್ಟ ಕೆಲಸವೇನೂ ಮಾಡದೆ, ಯಾವುದೋ ಸಣ್ಣ ಶಿಸ್ತಿನ ಕಾರಣಕ್ಕೆ ಸಾಮಾನ್ಯ ಬಿಡುಗಡೆ ಪಡೆದವನಿಗೆ ಮನೆ ಕೊಳ್ಳುವುದಕ್ಕೆ ಸಹಾಯ ಸಿಗುತ್ತದೆ, ಓದುವುದಕ್ಕೆ ಸಿಗುವುದಿಲ್ಲ.

ಮನೆಯ ಮಾತು ಬಂತಲ್ಲ. ವೆಟರನ್ಸ್ ಗೃಹಸಾಲಕ್ಕೆ ಡೌನ್ ಪೇಮೆಂಟ್ ಕಡ್ಡಾಯವಲ್ಲ, ತಿಂಗಳ ಮಾರ್ಟ್‌ಗೇಜ್ ವಿಮೆಯೂ ಇಲ್ಲ. 2020ರ ಜನವರಿಯಿಂದ ಪೂರ್ಣ ಅರ್ಹತೆ ಇರುವವರಿಗೆ ಸಾಲದ ಮಿತಿಯೂ ಇಲ್ಲ. 12 ಲಕ್ಷ ಡಾಲರ್ ಮನೆಗೆ ಶೇ 20 ಅಂದರೆ 2 ಲಕ್ಷ 40 ಸಾವಿರ ಕೂಡಿಡಬೇಕಾದ ನಮ್ಮ ಊರಿನಲ್ಲಿ ಇದು ಎಷ್ಟು ದೊಡ್ಡದು ಅಂತ ನಿಮಗೆ ಹೇಳಬೇಕಾಗಿಲ್ಲ. ಡೌನ್ ಪೇಮೆಂಟ್ ಇಲ್ಲದೆ ಮೊದಲ ಸಲ ಬಳಸುವವರು ಶೇ 2.15 ಫಂಡಿಂಗ್ ಶುಲ್ಕ ಕಟ್ಟಬೇಕು. 12 ಲಕ್ಷಕ್ಕೆ 25,800 ಡಾಲರ್. ಸೇವೆಯಿಂದಾದ ಅಂಗವೈಕಲ್ಯಕ್ಕೆ ಪರಿಹಾರ ಪಡೆಯುತ್ತಿರುವವರಿಗೆ ಅದೂ ಮಾಫಿ. ಈಗ ಯೋಚಿಸಿ. ತರಬೇತಿಯಲ್ಲಿ ಬೆನ್ನಿಗೆ ಪೆಟ್ಟಾಗಿದ್ದು ವೈದ್ಯಕೀಯ ದಾಖಲೆಗೆ ಸೇರಿಲ್ಲ ಅಂದರೆ ಪರಿಹಾರ ಕೈತಪ್ಪಬಹುದು. ಪರಿಹಾರ ಇಲ್ಲ ಅಂದರೆ ಶುಲ್ಕ ಮಾಫಿ ಇಲ್ಲ, ಮತ್ತು ಕ್ಯಾಲಿಫೋರ್ನಿಯಾದಲ್ಲಿ ಅಂಗವಿಕಲ ವೆಟರನ್‌ಗಳ ಮಕ್ಕಳಿಗೆ ಯುಸಿ, ಸಿಎಸ್‌ಯು ಬೋಧನಾ ಶುಲ್ಕ ಮನ್ನಾ ಮಾಡುವ ಕ್ಯಾಲ್‌ವೆಟ್ ಯೋಜನೆಯೂ ಇಲ್ಲ. ಯುಸಿ ಶುಲ್ಕ ವರ್ಷಕ್ಕೆ 14 ಸಾವಿರ ಡಾಲರ್ ಮೀರಿದೆ. ಆ ಯೋಜನೆಯಲ್ಲಿ ಮಗುವಿನ ಆದಾಯ ಮಿತಿಯಂಥ ಷರತ್ತುಗಳಿವೆ, ಆದರೆ ಬಾಗಿಲು ತೆರೆಯಬೇಕಾದರೆ ಮೊದಲು ದಾಖಲೆ ಸರಿಯಿರಬೇಕು.

ನಮ್ಮಂಥ ವಲಸಿಗರಿಗೆ ಇನ್ನೊಂದು ಅಪಾಯವಿದೆ, ಅದನ್ನು ಡಾಲರ್‌ನಲ್ಲಿ ಅಳೆಯೋದು ಕಷ್ಟ. ಸೇನಾ ಸೇವೆಯ ಆಧಾರದ ಮೇಲೆ ಪೌರತ್ವ ಪಡೆದವರು ಒಟ್ಟು 5 ವರ್ಷದ ಗೌರವಯುತ ಸೇವೆ ಮುಗಿಸುವ ಮೊದಲೇ ಗೌರವಯುತವಲ್ಲದ ಬಿಡುಗಡೆ ಪಡೆದರೆ ಪೌರತ್ವವನ್ನೇ ರದ್ದು ಮಾಡಲು ಕಾನೂನು ಅವಕಾಶ ಕೊಡುತ್ತದೆ. 24ನೇ ಚೌಕದ ಒಂದು ಪದ ಪಾಸ್‌ಪೋರ್ಟ್‌ವರೆಗೂ ಹೋಗುತ್ತದೆ.

ಭಗತ್ ಸಿಂಗ್ ಥಿಂಡ್ ಅವರ ಹೆಸರು ನೀವು ಕೇಳಿರಬಹುದು. ಬರ್ಕ್ಲಿಯಲ್ಲಿ ಓದಿದವರು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಸೇರಿ 1918ರ ಡಿಸೆಂಬರ್‌ನಲ್ಲಿ ಗೌರವಯುತವಾಗಿ ಬಿಡುಗಡೆಯಾದರು. ಪೌರತ್ವ ಸಿಕ್ಕಿತು, ಕೆಲವೇ ದಿನಗಳಲ್ಲಿ ಹೋಯಿತು. ಮತ್ತೆ ಸಿಕ್ಕಿತು, 1923ರಲ್ಲಿ ಸುಪ್ರೀಂ ಕೋರ್ಟ್ ಅವರು 'ಬಿಳಿಯ'ರಲ್ಲ ಅಂತ ಮತ್ತೆ ಕಿತ್ತುಕೊಂಡಿತು. ಕೊನೆಗೆ ಸಿಕ್ಕಿದ್ದು 1936ರಲ್ಲಿ. ಅದಕ್ಕೆ ಕಾರಣ 1935ರಲ್ಲಿ ಬಂದ ಒಂದು ಕಾಯ್ದೆ. ಮೊದಲ ಮಹಾಯುದ್ಧದ ವೆಟರನ್‌ಗಳಿಗೆ ಜನಾಂಗ ನೋಡದೆ ಪೌರತ್ವ ಕೊಡಲು ಅದು ಅವಕಾಶ ಮಾಡಿತು. ಹದಿನೇಳು ವರ್ಷದ ಹಿಂದಿನ ಬಿಡುಗಡೆ ಪತ್ರ ಸರಿಯಾಗಿದ್ದರಿಂದ ಆ ಬಾಗಿಲು ಅವರಿಗೆ ತೆರೆಯಿತು. ಸರಿಯಾಗಿರುವ ದಾಖಲೆ ಅಂದರೆ ಹೀಗೆ, ಬರೆಯುವಾಗ ಯಾರಿಗೂ ಗೊತ್ತಿರದ ಕಾನೂನಿಗೂ ಮುಂದೊಂದು ದಿನ ಕೆಲಸಕ್ಕೆ ಬರುತ್ತದೆ.

ದಾಖಲೆ ತಪ್ಪಾಗಿ ನಿಂತರೆ ಏನಾಗುತ್ತದೆ ಅನ್ನೋದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಡಬ್ಲಿನ್, ಪ್ಲೆಸೆಂಟನ್, ಸ್ಯಾನ್ ರಮೋನ್ ಕಡೆ ನಮ್ಮವರು ಎಷ್ಟು ಜನ ಇದ್ದೀರಿ! ನಿಮ್ಮ ಮನೆಯಿಂದ ಉತ್ತರಕ್ಕೆ ಕಾರಿನಲ್ಲಿ ಹೊರಟರೆ ಕಾನ್‌ಕಾರ್ಡ್ ದಾಟಿದ ಮೇಲೆ ನೀರಿನ ದಡದಲ್ಲಿ ಪೋರ್ಟ್ ಶಿಕಾಗೋ ಅನ್ನೋ ಜಾಗ ಇದೆ. 1944ರ ಜುಲೈ 17ರ ರಾತ್ರಿ 10:18ಕ್ಕೆ ಅಲ್ಲಿ ಮದ್ದುಗುಂಡು ತುಂಬುತ್ತಿದ್ದ ಹಡಗು ಸ್ಫೋಟಿಸಿ 320 ಜನ ಸತ್ತರು, 390 ಜನ ಗಾಯಗೊಂಡರು. ಸತ್ತವರಲ್ಲಿ 202 ಜನ ಕಪ್ಪು ವರ್ಣದ ನಾವಿಕರು. ಹಡಗಿಗೆ ಬಾಂಬು ತುಂಬುವ ಕೆಲಸ ಅವರದು, ಮೇಲ್ವಿಚಾರಣೆ ಬಿಳಿಯ ಅಧಿಕಾರಿಗಳದು. ಬಾಂಬು ಹೇಗೆ ಹಿಡಿಯಬೇಕು ಅನ್ನೋ ಸರಿಯಾದ ತರಬೇತಿಯನ್ನೇ ಕೊಟ್ಟಿರಲಿಲ್ಲ.

ಸ್ಫೋಟದ ನಂತರ ಬಿಳಿಯ ಅಧಿಕಾರಿಗಳಿಗೆ ರಜೆ ಸಿಕ್ಕಿತು. ಕಪ್ಪು ನಾವಿಕರಿಗೆ ಸಿಗಲಿಲ್ಲ, ಸ್ನೇಹಿತರ ದೇಹದ ಚೂರುಗಳನ್ನು ಆಯ್ದವರೂ ಅವರೇ. ಮೂರು ವಾರದ ನಂತರ, ಆಗಸ್ಟ್ 9ರಂದು, ವೊಲೇಹೋದ ಮೇರ್ ಐಲ್ಯಾಂಡ್‌ನಲ್ಲಿ ಮತ್ತೆ ಅದೇ ಕೆಲಸಕ್ಕೆ ಹೋಗಿ ಅಂದಾಗ 258 ಜನ ಒಪ್ಪಲಿಲ್ಲ. ಅವರಲ್ಲಿ 50 ಜನರ ಮೇಲೆ ದಂಗೆಯ ಆರೋಪ ಬಂತು. ಅವರನ್ನು ಇಟ್ಟಿದ್ದು ಇಂದಿನ ಡಬ್ಲಿನ್‌ನಲ್ಲಿದ್ದ ಕ್ಯಾಂಪ್ ಶೂಮೇಕರ್‌ನ ಸೆರೆಮನೆಯಲ್ಲಿ. ವಾರಾಂತ್ಯದಲ್ಲಿ ನಾವು ದೋಸೆ ತಿನ್ನಲು ಓಡಾಡುವ ಊರು. ಸೆಪ್ಟೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ನಡುಗಡ್ಡೆಯಲ್ಲಿ ಕೋರ್ಟ್ ಮಾರ್ಷಲ್ ಶುರುವಾಯಿತು. ಅಕ್ಟೋಬರ್ 24ರಂದು ನ್ಯಾಯಾಧೀಶರು 50 ಜನರ ಭವಿಷ್ಯವನ್ನು ಸುಮಾರು 80 ನಿಮಿಷ ಚರ್ಚಿಸಿ ಎಲ್ಲರೂ ತಪ್ಪಿತಸ್ಥರು ಅಂದರು. ತಲೆಗೆ 1 ನಿಮಿಷ 36 ಸೆಕೆಂಡ್. ಶಿಕ್ಷೆ 15 ವರ್ಷ ಮತ್ತು ಅಗೌರವದ ಬಿಡುಗಡೆ. ಉಳಿದ 208 ಜನರಿಗೆ ಕೆಳಹಂತದ ವಿಚಾರಣೆಯಲ್ಲಿ ಮೂರು ತಿಂಗಳ ಸಂಬಳ ಕತ್ತರಿಸಿದರು. ಮುಂದೆ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ವರ್ಣದ ನ್ಯಾಯಮೂರ್ತಿಯಾದ ಥರ್ಗುಡ್ ಮಾರ್ಷಲ್ ಆ ವಿಚಾರಣೆಯನ್ನು ಕೂತು ನೋಡಿದ್ದರು, ಮೇಲ್ಮನವಿಗೆ ಹೋರಾಡಿದರು. ಆಗಲಿಲ್ಲ. ಯುದ್ಧ ಮುಗಿದ ಮೇಲೆ, 1946ರ ಜನವರಿಯಲ್ಲಿ, ಹೆಚ್ಚಿನವರನ್ನು ಸದ್ದಿಲ್ಲದೆ ಬಿಟ್ಟರು. ಜೈಲು ಮುಗಿಯಿತು, ದಾಖಲೆಯಲ್ಲಿ ದಂಗೆಕೋರ ಅನ್ನೋ ಪದ ಹಾಗೇ ಉಳಿಯಿತು.

1994ರಲ್ಲಿ ನೌಕಾಪಡೆ ಪ್ರಕರಣವನ್ನು ಮತ್ತೆ ನೋಡಿತು. ಕೆಲಸ ಹಂಚುವುದರಲ್ಲಿ ಜನಾಂಗಭೇದ ಇದ್ದದ್ದು ನಿಜ, ಆದರೆ ತೀರ್ಪು ಸರಿ ಅಂತ ಬಿಟ್ಟಿತು. 1999ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಕ್ಲಿಂಟನ್ ಅವರು ಫ್ರೆಡ್ಡಿ ಮೀಕ್ಸ್ ಅನ್ನೋ ಒಬ್ಬರಿಗೆ ಕ್ಷಮಾದಾನ ಕೊಟ್ಟರು. ಬೇರೆಯವರಲ್ಲಿ ಕೆಲವರು ಕ್ಷಮಾದಾನ ಕೇಳಲು ಒಪ್ಪಿರಲಿಲ್ಲ. ತಪ್ಪು ಮಾಡಿದವನು ತಾನೇ ಕ್ಷಮೆ ಕೇಳೋದು, ನಾವ್ಯಾಕೆ ಕೇಳಬೇಕು ಅನ್ನೋದು ಅವರ ವಾದ. ನನಗೆ ಈ ವ್ಯತ್ಯಾಸ ಬಹಳ ಮುಖ್ಯ ಅನಿಸುತ್ತದೆ. ಕ್ಷಮಾದಾನ ಅಂದರೆ ಸಾಲ ಮನ್ನಾ; ಸಾಲ ಇತ್ತು ಅನ್ನೋದನ್ನು ಒಪ್ಪಿಕೊಂಡ ಹಾಗೆ. ದಾಖಲೆ ತಿದ್ದುಪಡಿ ಅಂದರೆ ಸಾಲವೇ ಇರಲಿಲ್ಲ, ಲೆಕ್ಕ ಬರೆದವನು ತಪ್ಪು ಬರೆದಿದ್ದಾನೆ ಅನ್ನೋದು.

ಲೆಕ್ಕ ಸರಿಯಾದದ್ದು 2024ರ ಜುಲೈ 17ರಂದು, ಸ್ಫೋಟದ 80ನೇ ವರ್ಷದ ದಿನ. ನೌಕಾಪಡೆ ಕಾರ್ಯದರ್ಶಿ ಕಾರ್ಲೋಸ್ ಡೆಲ್ ಟೊರೊ ಅವರು, ಹಿಂದೆಯೇ ಬಿಡುಗಡೆಗೊಂಡಿದ್ದ ಇಬ್ಬರನ್ನು ಬಿಟ್ಟು ಉಳಿದ 256 ಜನರನ್ನು ನಿರ್ದೋಷಿಗಳು ಅಂತ ಘೋಷಿಸಿದರು. ಎಲ್ಲರನ್ನೂ ಒಟ್ಟಿಗೆ ವಿಚಾರಣೆ ಮಾಡಿದ್ದು, ಸರಿಯಾಗಿ ವಕೀಲರ ನೆರವು ಸಿಗದಿದ್ದದ್ದು ಕಾನೂನಿನ ತಪ್ಪು ಅಂತ ನೌಕಾಪಡೆಯ ಕಾನೂನು ಪರಿಶೀಲನೆಯೇ ಹೇಳಿತು. ಅಷ್ಟೊತ್ತಿಗೆ ಆ 256 ಜನರಲ್ಲಿ ಒಬ್ಬರೂ ಬದುಕಿರಲಿಲ್ಲ. ಬಾಕಿ ಸೌಲಭ್ಯ ಏನಾದರೂ ಇದ್ದರೆ ಈಗ ಮಕ್ಕಳು, ಮೊಮ್ಮಕ್ಕಳು ವೆಟರನ್ಸ್ ಇಲಾಖೆಯನ್ನು ಕೇಳಬೇಕು. ಯುದ್ಧದಿಂದ ಬಂದ ಆ ತಲೆಮಾರಿನ ಎಷ್ಟೋ ಜನ ಜಿಐ ಬಿಲ್ ಹಿಡಿದು ಕಾಲೇಜಿಗೆ ಹೋದರು, ಮನೆ ಕೊಂಡರು, ಆ ಮನೆಗಳ ಬೆಲೆ ಬೇ ಏರಿಯಾದಲ್ಲಿ ಏನಾಯಿತು ಅಂತ ನಮಗೆ ಗೊತ್ತು. 80 ವರ್ಷದ ಚಕ್ರಬಡ್ಡಿಯನ್ನು ಯಾವ ತಿದ್ದುಪಡಿಯೂ ಕೊಡಲಾರದು. ಆ ಸ್ಮಾರಕವನ್ನು ರಾಷ್ಟ್ರೀಯ ಉದ್ಯಾನ ಇಲಾಖೆ ನೋಡಿಕೊಳ್ಳುತ್ತದೆ. ಸೇನಾ ನೆಲೆಯೊಳಗೆ ಇರುವುದರಿಂದ ಮೊದಲೇ ಬುಕ್ ಮಾಡಿ ಹೋಗಬೇಕು. ಮಕ್ಕಳನ್ನು ಕರೆದುಕೊಂಡು ಒಮ್ಮೆ ಹೋಗಿ ಬನ್ನಿ.

ಸರಿ, ಇಂದಿನವರಿಗೆ ದಾರಿ ಏನು? 1946ಕ್ಕೆ ಮುಂಚೆ ಸೇನಾ ದಾಖಲೆ ತಿದ್ದಬೇಕಾದರೆ ಸಂಸದರೊಬ್ಬರನ್ನು ಹಿಡಿದು ಕಾಂಗ್ರೆಸ್‌ನಲ್ಲಿ ಖಾಸಗಿ ಮಸೂದೆ ತರಿಸಬೇಕಿತ್ತು. ಆ ಗೊಡವೆ ಸಾಕಾಗಿ ಕಾಂಗ್ರೆಸ್ ಆ ವರ್ಷ ಕಾನೂನು ಮಾಡಿ, ನಾಗರಿಕರೇ ಸದಸ್ಯರಾಗಿರುವ ದಾಖಲೆ ತಿದ್ದುಪಡಿ ಮಂಡಳಿಗಳಿಗೆ ದಾರಿ ಮಾಡಿತು. ಆರ್ಮಿಗೆ ಒಂದು, ಏರ್‌ಫೋರ್ಸ್‌ಗೆ ಒಂದು, ನೇವಿ ಮತ್ತು ಮರೀನ್ ಕೋರ್‌ಗೆ ಸೇರಿ ಒಂದು, ಕೋಸ್ಟ್ ಗಾರ್ಡ್‌ಗೆ ಪ್ರತ್ಯೇಕ. ಅರ್ಜಿಯ ಹೆಸರು ಡಿಡಿ-149. ಶುಲ್ಕ ಇಲ್ಲ. ಬಿಡುಗಡೆಯ ಸ್ವರೂಪ ಅಥವಾ ಕಾರಣ ಮಾತ್ರ ಬದಲಾಗಬೇಕು, ಬಿಡುಗಡೆಯಾಗಿ 15 ವರ್ಷ ಕಳೆದಿಲ್ಲ ಅಂದರೆ ಡಿಡಿ-293 ಅನ್ನೋ ಇನ್ನೊಂದು ಅರ್ಜಿ ಹಾಕಿ ಬಿಡುಗಡೆ ಪರಿಶೀಲನಾ ಮಂಡಳಿಗೆ ಹೋಗಬಹುದು. ಇಂದಿನ ಸೇನಾ ನ್ಯಾಯ ಸಂಹಿತೆಯಡಿ ಆದ ಕೋರ್ಟ್ ಮಾರ್ಷಲ್ ತೀರ್ಪನ್ನೇ ಅಳಿಸುವ ಅಧಿಕಾರ ತಿದ್ದುಪಡಿ ಮಂಡಳಿಗೆ ಇಲ್ಲ, ಶಿಕ್ಷೆಯಲ್ಲಿ ಕರುಣೆ ತೋರಿಸಬಹುದು ಅಷ್ಟೆ.

ತಪ್ಪು ಗೊತ್ತಾದ 3 ವರ್ಷದೊಳಗೆ ಡಿಡಿ-149 ಹಾಕಬೇಕು ಅನ್ನೋದು ನಿಯಮ. ಮೀರಿದರೆ ಬಾಗಿಲು ಮುಚ್ಚಿತು ಅಂತಲ್ಲ. ನ್ಯಾಯದ ಹಿತದೃಷ್ಟಿಯಿಂದ ಮಂಡಳಿ ವಿಳಂಬ ಮನ್ನಿಸಬಹುದು. ಹಾಗಾಗಿ ತಡವಾಗಿದ್ದರೆ ತಡ ಯಾಕಾಯಿತು ಅನ್ನೋದನ್ನು ಅರ್ಜಿಯಲ್ಲೇ ಬರೆಯಿರಿ, ಖಾಲಿ ಬಿಡಬೇಡಿ. ಬಾಕಿ ಸಂಬಳ ಕೇಳಿ ಫೆಡರಲ್ ಕ್ಲೇಮ್ಸ್ ಕೋರ್ಟಿಗೆ ಹೋಗುವವರಿಗೆ 6 ವರ್ಷದ ಮಿತಿ ಇದೆ, ಅದು ಇಷ್ಟು ಉದಾರವಲ್ಲ.

ಮಂಡಳಿ ಶುರುಮಾಡುವುದೇ ಸರ್ಕಾರಿ ದಾಖಲೆ ಸರಿಯಿದೆ ಅನ್ನೋ ಊಹೆಯಿಂದ. ತಪ್ಪು ಅಂತ ತೋರಿಸುವ ಹೊಣೆ ನಮ್ಮದು. ಸಂಶಯಾತೀತವಾಗಿ ಸಾಬೀತು ಮಾಡಬೇಕಿಲ್ಲ, ನಮ್ಮ ಕಡೆ ತಕ್ಕಡಿ ವಾಲಿದರೆ ಸಾಕು. ಇಲ್ಲಿ ನಮ್ಮ ವೃತ್ತಿಯ ಅಭ್ಯಾಸ ಉಪಯೋಗಕ್ಕೆ ಬರುತ್ತದೆ. ಫ್ರೀಮಾಂಟಿನ ಸ್ನೇಹಿತರಿಗೆ ನಾನು ಮೊದಲು ಕೇಳಿದ್ದು ಸೇನೆಯ ಕಾಗದ ಅಲ್ಲ, ತೆರಿಗೆ ಕಾಗದ. ಆ 7 ತಿಂಗಳು ಸೇನೆ ಸಂಬಳ ಕೊಟ್ಟಿದ್ದರೆ ಡಬ್ಲ್ಯು-2 ಇರಲೇಬೇಕು. ಕಳೆದುಹೋಗಿದ್ದರೂ ಐಆರ್‌ಎಸ್ ತನ್ನ ವೇತನ ಮತ್ತು ಆದಾಯದ ಟ್ರಾನ್ಸ್‌ಕ್ರಿಪ್ಟ್ ಅನ್ನು ಈ ವರ್ಷ ಮತ್ತು ಹಿಂದಿನ 9 ವರ್ಷಗಳಿಗೆ ಉಚಿತವಾಗಿ ಕೊಡುತ್ತದೆ. ಅದರ ಜೊತೆ ಸೇವೆಗೆ ಕರೆದ ಆದೇಶದ ಪ್ರತಿ, ತಿಂಗಳ ಸಂಬಳ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್. ಇವನ್ನು ದಿನಾಂಕದ ಪ್ರಕಾರ ಜೋಡಿಸಿ ಒಂದು ಪುಟದ ಪಟ್ಟಿ ಮಾಡಿದೆವು: ಯಾವ ತಿಂಗಳು, ಯಾವ ಆದೇಶ, ಎಷ್ಟು ಸಂಬಳ. ಭಾವುಕ ಪತ್ರಕ್ಕಿಂತ ಈ ಥರದ ಸಮನ್ವಯ ಪಟ್ಟಿಗೆ ಹೆಚ್ಚು ಬೆಲೆ ಅಂತ ನನ್ನ ಅಭಿಪ್ರಾಯ. ಅದನ್ನು ನೋಡಿ ಇಲ್ಲ ಅನ್ನೋದು ಕಷ್ಟ.

ಇನ್ನೊಂದು ವಿಷಯ. ಮಂಡಳಿ ಕೊನೆಯ ಮೆಟ್ಟಿಲು. ಗುಮಾಸ್ತಿಕೆಯ ತಪ್ಪಾದರೆ ಮೊದಲು ಆಯಾ ಪಡೆಯ ಸಿಬ್ಬಂದಿ ವಿಭಾಗವನ್ನೇ ಕೇಳಬೇಕು. ಅವರು ಒಪ್ಪಿದರೆ ಡಿಡಿ-215 ಅನ್ನೋ ತಿದ್ದುಪಡಿ ಹಾಳೆ ಕೊಡುತ್ತಾರೆ, ಅಥವಾ ಕೊಡದೇ ಬಿಟ್ಟ ಡಿಡಿ-214 ಅನ್ನು ಹೊಸದಾಗಿ ಕೊಡುತ್ತಾರೆ. ಇದನ್ನು ಮಾಡದೆ ನೇರ ಮಂಡಳಿಗೆ ಹೋದರೆ ಅರ್ಜಿ ವಾಪಸ್ ಬರಬಹುದು. ಮಂಡಳಿಗಳು ಶೇ 90ರಷ್ಟು ಅರ್ಜಿಗಳನ್ನು 10 ತಿಂಗಳಲ್ಲಿ, ಎಲ್ಲವನ್ನೂ 18 ತಿಂಗಳಲ್ಲಿ ಮುಗಿಸಬೇಕು ಅಂತ ಕಾನೂನು ಹೇಳುತ್ತದೆ. ಎಂಬಿಎ ಪ್ರವೇಶದ ಗಡುವು ಇಟ್ಟುಕೊಂಡವರು ಹಿಂದಕ್ಕೆ ಎಣಿಸಿಕೊಳ್ಳಿ.

ಎಲ್ಲ ದಾಖಲೆ ಸಿಗುವವರೆಗೆ ಕಾಯಬೇಕೇ, ಈಗಲೇ ಹಾಕಬೇಕೇ? ಇದು ನನ್ನನ್ನು ಎಲ್ಲರೂ ಕೇಳುವ ಪ್ರಶ್ನೆ. ನನ್ನ ಉತ್ತರ: ಮೂಲ ಪುರಾವೆ ಕೈಯಲ್ಲಿದ್ದರೆ ಹಾಕಿ. ಯಾಕೆಂದರೆ ದಾಖಲೆ ತಿದ್ದಿದ್ದರಿಂದ ವೆಟರನ್ಸ್ ಇಲಾಖೆಯ ಪರಿಹಾರ ಸಿಕ್ಕರೆ, ಅದು ಯಾವ ದಿನಾಂಕದಿಂದ ಸಿಗಬೇಕು ಅಂತ ಲೆಕ್ಕ ಹಾಕುವಾಗ ತಿದ್ದುಪಡಿಗೆ ಅರ್ಜಿ ಹಾಕಿದ ದಿನಾಂಕವನ್ನು ನೋಡುತ್ತಾರೆ. ಗಾಯವಾದ ದಿನಾಂಕಕ್ಕೆ ಹಿಂದೆ ಹೋಗುವುದಿಲ್ಲ. ತಿಂಗಳಿಗೆ 1,000 ಡಾಲರ್ ಪರಿಹಾರ ಅಂತಿಟ್ಟುಕೊಳ್ಳಿ. ಎರಡು ವರ್ಷ ಮುಂದೂಡಿದರೆ 24,000 ಡಾಲರ್, ಅದೂ ತೆರಿಗೆಯಿಲ್ಲದ ಹಣ, ಮತ್ತೆ ಬರುವುದಿಲ್ಲ. ನಂತರ ಹೊಸ ಪುರಾವೆ ಸಿಕ್ಕರೆ ಮಂಡಳಿ ಮರುಪರಿಶೀಲನೆ ಮಾಡಲೇಬೇಕು ಅಂತ ಕಾನೂನಿದೆ. ಅರ್ಜಿಯ ವೆಚ್ಚ ಸೊನ್ನೆ, ಕಾಯುವಿಕೆಯ ವೆಚ್ಚ ಸೊನ್ನೆಯಲ್ಲ.

ದಾಖಲೆಯೇ ಸುಟ್ಟುಹೋಗಿದ್ದರೆ? ತಮಾಷೆಯಲ್ಲ. 1973ರ ಜುಲೈ 12ರಂದು ಸೇಂಟ್ ಲೂಯಿಸ್‌ನ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದು 1 ಕೋಟಿ 60 ಲಕ್ಷದಿಂದ 1 ಕೋಟಿ 80 ಲಕ್ಷ ಕಡತ ನಾಶವಾದವು. 1912ರ ನವೆಂಬರ್‌ನಿಂದ 1960ರ ಜನವರಿ 1ರ ನಡುವೆ ಬಿಡುಗಡೆಯಾದ ಆರ್ಮಿಯವರ ಶೇ 80ರಷ್ಟು ದಾಖಲೆ ಹೋಯಿತು. ನಕಲು ಪ್ರತಿ ಇರಲಿಲ್ಲ. ಅಂಥವರಿಗೆ ಸಂಬಳದ ದಾಖಲೆ, ಆಸ್ಪತ್ರೆ ದಾಖಲೆ, ತುಕಡಿಯ ದಿನಚರಿಯಿಂದ ಸೇವೆಯನ್ನು ಮರುಜೋಡಿಸಿ ಪ್ರಮಾಣಪತ್ರ ಕೊಡುತ್ತಾರೆ. ನಮ್ಮ ಕಾಲದವರಿಗೆ ಈ ಸಮಸ್ಯೆ ಇಲ್ಲ ಅನ್ನಬೇಡಿ, ಲಾಗಿನ್ ಮುಚ್ಚಿಹೋದ ಮೇಲೆ ಸಂಬಳ ಚೀಟಿ ಸಿಗದೆ ಒದ್ದಾಡುವವರು ಇದ್ದಾರೆ. ಬಿಡುಗಡೆಗೆ ಮುಂಚೆಯೇ ಎಲ್ಲವನ್ನೂ ಡೌನ್‌ಲೋಡ್ ಮಾಡಿಕೊಳ್ಳಿ.

ಮಾನಸಿಕ ಆಘಾತ ಅಥವಾ ಲೈಂಗಿಕ ದೌರ್ಜನ್ಯದ ಹಿನ್ನೆಲೆ ಇರುವ ಪ್ರಕರಣಗಳನ್ನು ಉದಾರವಾಗಿ ನೋಡಬೇಕು ಅಂತ ರಕ್ಷಣಾ ಇಲಾಖೆ 2014 ಮತ್ತು 2017ರಲ್ಲಿ ಮಂಡಳಿಗಳಿಗೆ ಸೂಚನೆ ಕೊಟ್ಟಿದೆ. ಅದಕ್ಕಿಂತ ಮುಂಚೆ ತಿರಸ್ಕೃತರಾದವರು ಮತ್ತೆ ಕೇಳಬಹುದು. ಲೈಂಗಿಕ ಒಲವಿನ ಕಾರಣಕ್ಕೆ ಹೊರಹಾಕಲ್ಪಟ್ಟವರ ಪರವಾಗಿ 2023ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಫೆಡರಲ್ ಕೋರ್ಟಿನಲ್ಲೇ ಒಂದು ಸಾಮೂಹಿಕ ಮೊಕದ್ದಮೆ ದಾಖಲಾಯಿತು. 2025ರಲ್ಲಿ ಅದು ರಾಜಿಯಾಗಿ, ಬಿಡುಗಡೆ ಪತ್ರದಿಂದ ಆ ಉಲ್ಲೇಖ ತೆಗೆಸಲು ಸರಳ ದಾರಿ ಆಗಿದೆ.

ವಕೀಲರಿಗೆ ದುಡ್ಡು ಸುರಿಯುವ ಮುಂಚೆ ನಿಮ್ಮ ಕೌಂಟಿಯ ವೆಟರನ್ಸ್ ಸೇವಾ ಕಚೇರಿಗೆ ಹೋಗಿ. ಅಲಮೀಡ, ಸಾಂಟಾ ಕ್ಲಾರಾ, ಕಾಂಟ್ರಾ ಕೋಸ್ಟಾ ಮೂರರಲ್ಲೂ ಇದೆ, ಸೇವೆ ಉಚಿತ. ಬಿಡುಗಡೆ ಸ್ವರೂಪ ಬದಲಿಸುವಂಥ ಕಷ್ಟದ ಪ್ರಕರಣಕ್ಕೆ ಸ್ಯಾನ್ ಫ್ರಾನ್ಸಿಸ್ಕೋದ ಸ್ವೋರ್ಡ್ಸ್ ಟು ಪ್ಲೋಷೇರ್ಸ್ ಸಂಸ್ಥೆಗೆ 1974ರಿಂದ ವೆಟರನ್‌ಗಳ ಜೊತೆ ಕೆಲಸ ಮಾಡಿದ ಅನುಭವ ಇದೆ. ನಿಮ್ಮ ಪರಿಹಾರದ ಇಷ್ಟು ಭಾಗ ನಮಗೆ ಕೊಡಿ ಅಂತ ಫೋನ್ ಮಾಡುವವರಿಂದ ದೂರ ಇರಿ.

ಇನ್ನು ಊರಿನ ಅಪ್ಪಂದಿರ ವಿಷಯ. ಕೊಡಗಿನವರಿರಲಿ, ಬೆಳಗಾವಿ ಕಡೆಯವರಿರಲಿ, ಭಾರತದಲ್ಲಿ ಜವಾನರ ದಾಖಲೆ ಇರೋದು ಅವರ ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲಿ. ಮದ್ರಾಸ್ ಸ್ಯಾಪರ್ಸ್ ಆದರೆ ಬೆಂಗಳೂರು, ಮರಾಠಾ ಲೈಟ್ ಇನ್‌ಫೆಂಟ್ರಿ ಆದರೆ ಬೆಳಗಾವಿ, ಮದ್ರಾಸ್ ರೆಜಿಮೆಂಟ್ ಆದರೆ ವೆಲ್ಲಿಂಗ್ಟನ್. ಪಿಂಚಣಿ ಆದೇಶ, ಅಂದರೆ ಪಿಪಿಒ, ಬರೋದು ಪ್ರಯಾಗರಾಜ್‌ನಿಂದ, ಈಗ ಸ್ಪರ್ಶ್ ಪೋರ್ಟಲ್ ಮೂಲಕ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ ಅರ್ಜಿ ಬರೆಯಲು ಸಹಾಯ ಮಾಡುತ್ತದೆ. ಒಪ್ಪದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ, ಕರ್ನಾಟಕ ಅದರ ಕೊಚ್ಚಿ ಪೀಠದ ವ್ಯಾಪ್ತಿಗೆ ಬರುತ್ತದೆ. ಅಂತಿಮ ಆದೇಶ ಬಂದ 6 ತಿಂಗಳೊಳಗೆ ಹೋಗಬೇಕು.

ಕಾಯುವಿಕೆಯ ಬೆಲೆ ಅಲ್ಲೂ ಇದೆ. ತರ್ಸೇಮ್ ಸಿಂಗ್ ಅನ್ನೋ ಸೈನಿಕರು 1983ರಲ್ಲಿ ವೈದ್ಯಕೀಯ ಕಾರಣಕ್ಕೆ ಹೊರಬಂದು, ಅಂಗವೈಕಲ್ಯ ಪಿಂಚಣಿ ಕೇಳಿ ಹೈಕೋರ್ಟಿಗೆ ಹೋಗಿದ್ದು 1999ರಲ್ಲಿ. 2008ರಲ್ಲಿ ಸುಪ್ರೀಂ ಕೋರ್ಟ್ ಪಿಂಚಣಿಯ ಹಕ್ಕು ಒಪ್ಪಿತು, ಆದರೆ ಬಾಕಿಯನ್ನು ಅರ್ಜಿಗೆ ಹಿಂದಿನ 3 ವರ್ಷಕ್ಕೆ ಸೀಮಿತ ಮಾಡಿತು. 16 ವರ್ಷದಲ್ಲಿ 13 ವರ್ಷದ ಹಣ ಹೋಯಿತು. ಈ ತೀರ್ಪನ್ನು ಪಿಂಚಣಿ ಬಾಕಿಯ ಪ್ರಕರಣಗಳಲ್ಲಿ ಇಂದಿಗೂ ಎತ್ತಿ ತೋರಿಸುತ್ತಾರೆ.

ಮುಂದಿನ ಸಲ ಊರಿಗೆ ವಿಡಿಯೋ ಕಾಲ್ ಮಾಡಿದಾಗ ಅಪ್ಪನ ಪಿಪಿಒ ಕ್ಯಾಮರಾ ಮುಂದೆ ಹಿಡಿಯಲು ಹೇಳಿ. ಅಮ್ಮನ ಹೆಸರು ಇದೆಯೇ, ಆಧಾರ್‌ನಲ್ಲಿ ಇರುವ ಹಾಗೇ ಇದೆಯೇ, ಹುಟ್ಟಿದ ದಿನಾಂಕ ಇದೆಯೇ ನೋಡಿ. ಹಳೆಯ ಪಿಪಿಒಗಳಲ್ಲಿ ಎಷ್ಟೋ ಕಡೆ ಪತ್ನಿಯ ಹುಟ್ಟಿದ ದಿನಾಂಕವೇ ಇರುವುದಿಲ್ಲ, ಅಥವಾ ಮದುವೆಗೆ ಮುಂಚಿನ ಹೆಸರು ಇರುತ್ತದೆ. ಕುಟುಂಬ ಪಿಂಚಣಿದಾರರಿಗೆ 80 ತುಂಬಿದಾಗ ಶೇ 20, 85ಕ್ಕೆ ಶೇ 30, 90ಕ್ಕೆ ಶೇ 40 ಹೆಚ್ಚುವರಿ ಪಿಂಚಣಿ ಸಿಗುತ್ತದೆ. ದಾಖಲೆಯಲ್ಲಿ ದಿನಾಂಕವೇ ಇಲ್ಲದಿದ್ದರೆ 80 ತುಂಬಿದ್ದು ಕಂಪ್ಯೂಟರ್‌ಗೆ ಗೊತ್ತಾಗುವುದಿಲ್ಲ. ಅಪ್ಪ ಸಹಿ ಹಾಕುವ ಸ್ಥಿತಿಯಲ್ಲಿ ಇರುವಾಗಲೇ, ಅವರ ಹೆಸರಿನಲ್ಲೇ ರೆಕಾರ್ಡ್ ಆಫೀಸಿಗೆ ಬರೆದು ಜಂಟಿ ಅಧಿಸೂಚನೆ ಮಾಡಿಸಿದರೆ ಕೆಲಸ ಸುಲಭ. ಅವರು ಹೋದ ಮೇಲೆ ಅದೇ ತಿದ್ದುಪಡಿಗೆ ಅಮ್ಮ ಅಫಿಡವಿಟ್ ಹಿಡಿದು ಓಡಾಡಬೇಕಾಗುತ್ತದೆ, ನಾವು ಇಲ್ಲಿಂದ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡುತ್ತಾ ಕೂರಬೇಕಾಗುತ್ತದೆ.